ಸೈರನ್‌ಗಳಿಗೆ ಮೀನಿನ ಬಾಲವೋ, ಹಕ್ಕಿಯ ರೆಕ್ಕೆಯೋ?

ಪ್ರಶ್ನೆ: ಗ್ರೀಕ್ ಪುರಾಣದ ಸೈರನ್‌ಗಳೆಂದರೆ ಮೀನಿನ ಬಾಲವುಳ್ಳ ಸುಂದರಿಯರೆಂದೇ ತಿಳಿದಿದ್ದೆ. ಆದರೆ ಹಳೆಯ ಗ್ರೀಕ್ ಪಾತ್ರೆಯೊಂದರ ಚಿತ್ರದಲ್ಲಿ ಅವರಿಗೆ ಹಕ್ಕಿಯ ಮೈಯಿರುವುದನ್ನು ಕಂಡೆ. ಯಾವುದು ಸರಿ?

ಉತ್ತರ: ತಾವು ಕಂಡ ಹಕ್ಕಿಯ ರೂಪವೇ ಪ್ರಾಚೀನವಾದುದು. ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ ಮಹಾಕಾವ್ಯದ 12ನೆಯ ಭಾಗದಲ್ಲಿ, ನಾವಿಕರನ್ನು ಮರುಳುಗೊಳಿಸಿ ಸಾವಿಗೆಳೆಯುವ ಸೈರನ್‌ಗಳ ಹಾಡಿನ ಮಾತಿದೆಯೇ ಹೊರತು ಅವರ ಮೈಯ ವರ್ಣನೆ ಒಂದು ಸಾಲೂ ಇಲ್ಲ, ಅವರು ಹುಲ್ಲುಗಾವಲಿನಲ್ಲಿ ಕುಳಿತಿದ್ದಾರೆ, ಸುತ್ತಲೂ ಸತ್ತವರ ಮೂಳೆಗಳ ರಾಶಿಯಿದೆ, ಅಷ್ಟೆ. ಕವಿ ಹೇಳದೆ ಬಿಟ್ಟ ರೂಪವನ್ನು ಕಲಾವಿದರು ಕೊಟ್ಟರು. ಹೆಣ್ಣಿನ ಮುಖ, ಹಕ್ಕಿಯ ಒಡಲು: ನಮ್ಮ ಶಿಲ್ಪಗಳ ಕಿನ್ನರಿಯರನ್ನು ನೋಡಿದವರಿಗೆ ಈ ಜೋಡಣೆ ತೀರ ಅಪರಿಚಿತವೆನಿಸದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಇಟಲಿಯ ವುಲ್ಚಿಯಲ್ಲಿ ದೊರೆತ, ಕ್ರಿ.ಪೂ. 480ರ ಆಸುಪಾಸಿನ ಪಾತ್ರೆಯೊಂದಿದೆ. ಹಾಡಿಗೆ ಮರುಳಾಗಿ ಅವರತ್ತ ಹೋಗದಿರಲೆಂದು ಹಡಗಿನ ಕೂವೆಮರಕ್ಕೆ ತನ್ನನ್ನು ಕಟ್ಟಿಸಿಕೊಂಡ ಕಾವ್ಯದ ನಾಯಕ ಒಡಿಸ್ಯೂಸ್, ಹಾಡು ಕೇಳುತ್ತ ತಲೆಯನ್ನು ಹಿಂದಕ್ಕೆ ಎಸೆದಿದ್ದಾನೆ. ಎರಡು ಬಂಡೆಗಳ ಮೇಲೆ ಇಬ್ಬರು ಸೈರನ್‌ಗಳು ಕುಳಿತಿದ್ದರೆ, ಮೂರನೆಯವಳು ಕಣ್ಣು ಮುಚ್ಚಿ ತಲೆಕೆಳಗಾಗಿ ಬೀಳುತ್ತಿದ್ದಾಳೆ. ಹಾಡು ಕೇಳಿಯೂ ಒಬ್ಬನು ಪಾರಾದರೆ ಸೈರನ್‌ಗಳು ಸಾಯುವರೆಂಬ ಕಥೆ ಹೋಮರನಲ್ಲಿಲ್ಲ, ಆದರೆ ಈ ಚಿತ್ರಕಾರನು ಅದನ್ನು ಬಲ್ಲವನಂತೆ ತೋರುತ್ತಾನೆ. ಆ ಮುಚ್ಚಿದ ಕಣ್ಣುಗಳಷ್ಟು ನನ್ನನ್ನು ಕಲಕಿದ ಸೈರನ್ ಚಿತ್ರ ಇನ್ನೊಂದಿಲ್ಲ.

ಇವರು ಕೊಲ್ಲುವವರು ಮಾತ್ರವೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕ್ರಿ.ಪೂ. 4ನೆಯ ಶತಮಾನದ ಅಥೆನ್ಸಿನಲ್ಲಿ ಸಮಾಧಿಗಳ ಮೇಲೆ ಅಮೃತಶಿಲೆಯ ಸೈರನ್‌ಗಳನ್ನು ನಿಲ್ಲಿಸುತ್ತಿದ್ದರು. ಕೆರಮೈಕೋಸ್ ಸ್ಮಶಾನದಲ್ಲಿ ದೊರೆತ ಅಂಥ ಒಬ್ಬಳು ಆಮೆಚಿಪ್ಪಿನ ಲೈರ್ ಎಂಬ ತಂತಿವಾದ್ಯ ಹಿಡಿದು, ಸತ್ತವರಿಗಾಗಿ ಶೋಕಗೀತೆ ನುಡಿಸುವವಳಂತೆ ನಿಂತಿದ್ದಾಳೆ.

ಮೀನಿನ ಬಾಲ ಬಹಳ ಈಚಿನದು. ಸುಮಾರು 7-8ನೆಯ ಶತಮಾನದ ಒಂದು ಲ್ಯಾಟಿನ್ ಗ್ರಂಥ ಸೈರನ್‌ಗಳನ್ನು ಬಾಲವುಳ್ಳ ಕಡಲ ಕನ್ಯೆಯರೆಂದು ಬಣ್ಣಿಸಿತು. ಮುಂದೆ ಯುರೋಪಿನ ಹಸ್ತಪ್ರತಿಗಳಲ್ಲಿ ರೆಕ್ಕೆ, ಬಾಲಗಳೆರಡೂ ಬೆರೆತವು. ಹರ್ಬರ್ಟ್ ಡ್ರೇಪರ್ 1909ರಲ್ಲಿ ಬಿಡಿಸಿದ ಚಿತ್ರದಲ್ಲಂತೂ ಅವರು ಹಡಗನ್ನೇ ಏರಿ ಬರುವ ಬೆತ್ತಲೆ ಚೆಲುವೆಯರು. ಹೋಮರನ ಸೈರನ್‌ಗಳು ಒಡಿಸ್ಯೂಸನಿಗೆ ಒಡ್ಡಿದ ಆಮಿಷ ದೇಹವಲ್ಲ, ಟ್ರಾಯ್ ಯುದ್ಧವನ್ನೂ ಭೂಮಿಯ ಮೇಲೆ ನಡೆಯುವ ಸಮಸ್ತವನ್ನೂ ಬಲ್ಲ ಜ್ಞಾನ. ಆದುದರಿಂದ ಈ ಚೆಲುವೆಯರಲ್ಲಿ ಕಥೆಯ ತಿರುಳೇ ಕಳೆದುಹೋಗಿದೆಯೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಮೊದಲೇ, 1891ರಲ್ಲಿ, ಜಾನ್ ವಿಲಿಯಂ ವಾಟರ್‌ಹೌಸ್ ಗ್ರೀಕರ ಹಕ್ಕಿಗಳಿಗೇ ಮರಳಿದ್ದನು. ಮೆಲ್ಬರ್ನಿನಲ್ಲಿರುವ ಆ ಚಿತ್ರದಲ್ಲಿ ಏಳು ಸೈರನ್‌ಗಳು ಹಡಗನ್ನು ಮುತ್ತಿವೆ. ಅವುಗಳಲ್ಲೊಂದು, ಕಿವಿಗೆ ಬಟ್ಟೆ ಬಿಗಿದುಕೊಂಡ ನಾವಿಕನ ಮುಖದ ಹತ್ತಿರಕ್ಕೇ ಬಂದು ಹಾಡುತ್ತಿದೆ.