ಮೊದ್ಲು ಪುಟ ನೋಡು, ಆಮೇಲೆ ಕ್ಯಾಮೆರಾ ಹಿಡಿ

ಪ್ರಶ್ನೆ: ನಮಸ್ತೆ ಸರ್. ನಾನು ಶಿವಮೊಗ್ಗದಲ್ಲಿ ಬಿಎ ಎರಡನೇ ವರ್ಷ, ಪತ್ರಿಕೋದ್ಯಮ ತಗೊಂಡಿದೀನಿ, ಊರು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಫೋಟೊ ತೆಗೆಯೋದಂದ್ರೆ ಚಿಕ್ಕೋಳಿದ್ದಾಗಿಂದ ಹುಚ್ಚು. ಈ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆ ಕೆಲಸ ಪೂರ್ತಿ ನನ್ನ ತಲೆ ಮೇಲೆ ಬಿದ್ದಿದೆ, ಫೋಟೊ ತೆಗೆಯೋದು, ಎಡಿಟಿಂಗ್, ಪೇಜ್ ಲೇಔಟ್ ಎಲ್ಲಾನೂ. ಲೇಔಟ್ ಅಂದ್ರೆ ಎಂತ ಅಂತಾನೇ ಸರಿಯಾಗಿ ಗೊತ್ತಿಲ್ಲ. ನನ್ನತ್ರ ಇರೋದು ಒಂದು ಫೋನು, ಕಾಲೇಜ್ ಲ್ಯಾಬಲ್ಲಿ ಕಂಪ್ಯೂಟರ್ ಇದೆ. ಅಪ್ಪಯ್ಯ ಈ ಸಲ ಅಡಿಕೆ ಕೊಟ್ಟ ದುಡ್ಡಲ್ಲಿ ಕ್ಯಾಮೆರಾ ಕೊಡಿಸ್ತೀನಿ ಅಂದಿದಾರೆ. ಯಾವ್ದು ತಗೊಳ್ಲಿ? ಮೂರರಲ್ಲಿ ಮೊದ್ಲು ಯಾವ್ದು ಕಲೀಲಿ? ಇನ್ನೊಂದು, ಕನ್ನಡ ಬರಹ ತಂದು ಲೇಔಟಿಗೆ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗತ್ತೆ, ಕೆಲವು ಕಡೆ ಬರೀ ಇಂಗ್ಲಿಷ್ ಅಕ್ಷರ ಬರತ್ತೆ. ಹೆಸರು ಹಾಕ್ಬೇಡಿ ಪ್ಲೀಸ್.

ಉತ್ತರ: ಕ್ಯಾಮೆರಾ ಈಗ ಬೇಡ ಮಾರಾಯ್ತಿ. ಅಪ್ಪಯ್ಯನ ಹತ್ರ ಆ ದುಡ್ಡು ಒಂದು ವರ್ಷ ಇರ್ಲಿ. ನಿನ್ನ ಫೋನಲ್ಲಿ 12 ಮೆಗಾಪಿಕ್ಸೆಲ್ ಫೋಟೊ ಬರತ್ತೆ ಅಂತಿಟ್ಕೊ, ಅಂದ್ರೆ 4000 ಗುಣಿಲೆ 3000 ಚುಕ್ಕಿ. ಅಚ್ಚಿಗೆ ಒಂದು ಇಂಚಿಗೆ 300 ಚುಕ್ಕಿ ಲೆಕ್ಕ, ಹಾಗಾಗಿ ಅದು 13 ಇಂಚು ಉದ್ದ 10 ಇಂಚು ಅಗಲಕ್ಕೆ ಸಾಕು, ಎ4 ಪುಟ ಪೂರ್ತಿ ತುಂಬಿ ಇನ್ನೂ ಮಿಗತ್ತೆ. ಸಂಚಿಕೆಗೆ ಇದಕ್ಕಿಂತ ಹೆಚ್ಚು ಬೇಕಾಗಲ್ಲ. ಆದ್ರೆ ಅದೇ ಫೋಟೊನ ಗೆಳತಿ ವಾಟ್ಸಾಪಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ರೆ ಅದು ಕುಗ್ಗಿ ಬರತ್ತೆ, 1600 ಚುಕ್ಕಿಗೆ ಇಳಿದ್ರೆ ಅಚ್ಚಲ್ಲಿ 5 ಇಂಚು ಚಿಲ್ಲರೆಗೆ ಮಾತ್ರ ಆಗತ್ತೆ. ಅದಕ್ಕೇ ಎಲ್ಲರಿಗೂ ಮೊದ್ಲೇ ಹೇಳ್ಬಿಡು, ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾ ಪೆನ್‌ಡ್ರೈವಲ್ಲಿ ತನ್ನಿ ಅಂತ. ವಾರ್ಷಿಕ ಸಂಚಿಕೇಲಿ ಮುಖಗಳು ಮಸುಕಾಗಿ ಬರೋದಕ್ಕೆ ಕ್ಯಾಮೆರಾಗಿಂತ ಹೆಚ್ಚಾಗಿ ಇದೇ ಕಾರಣ ಇರತ್ತೆ.

ಮೊದ್ಲು ಯಾವ್ದು ಕಲೀಲಿ ಅಂದೆ. ಎಲ್ಲರೂ ಕ್ಯಾಮೆರಾ, ಆಮೇಲೆ ಎಡಿಟಿಂಗ್, ಕೊನೇಗೆ ಲೇಔಟ್ ಅಂತ ಹೋಗ್ತಾರೆ, ಕೋರ್ಸ್‌ಗಳಲ್ಲೂ ಸಾಮಾನ್ಯವಾಗಿ ಹಾಗೇ ಹೇಳ್ಕೊಡ್ತಾರೆ. ನಾನು ಹೇಳೋದು ಉಲ್ಟಾ. ಪುಟದಿಂದ ಶುರು ಮಾಡು, ಲೇಔಟ್ ಅಂದ್ರೆ ಬರಹ, ಫೋಟೊ ಪುಟದಲ್ಲಿ ಎಲ್ಲೆಲ್ಲಿ ಕೂರ್ಬೇಕು ಅಂತ ಜೋಡಿಸೋದು, ಅಷ್ಟೇ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪುಟ ಕಟ್ಟಿದವನು, ಪೇಜ್‌ಮೇಕರಲ್ಲಿ ಪುಟ ಮಾಡಿ ಬಟರ್ ಪೇಪರಲ್ಲಿ ಪ್ರಿಂಟ್ ತೆಗೆದು ಪ್ರೆಸ್ಸಿಗೆ ಹೊತ್ಕೊಂಡು ಹೋಗ್ತಿದ್ದ ಕಾಲದಿಂದ. ಅಷ್ಟೂ ವರ್ಷ ನನ್ನ ಟೇಬಲ್ಲಿಗೆ ಬಂದ ತೊಂದರೆ ಒಂದೇ, ಚೆಂದದ ಫೋಟೊ ಬರ್ತಿತ್ತು, ಪುಟಕ್ಕೆ ಕೂರ್ತಿರಲಿಲ್ಲ. ಎಲ್ಲಾ ಅಡ್ಡ ಫೋಟೊನೇ, ಮುಖಪುಟಕ್ಕೆ ಉದ್ದದ್ದು ಒಂದೂ ಇಲ್ಲ. ತಲೆ ಮೇಲೆ ಒಂದು ಬೆರಳು ಜಾಗ ಇಲ್ಲ, ಸಂಚಿಕೆ ಹೆಸರು ಎಲ್ಲಿ ಹಾಕೋದು? ಎಡಗಡೆ ಪುಟಕ್ಕೆ ಹೋಗೋ ಫೋಟೊದಲ್ಲಿ ಮನುಷ್ಯ ಪುಟದಿಂದ ಹೊರಗೆ ನೋಡ್ತಿರ್ತಾನೆ, ಓದೋರ ಕಣ್ಣೂ ಅವನ ಜೊತೆ ಹೊರಗೆ ಹೋಗತ್ತೆ. ತೆಗೆಯುವಾಗ್ಲೇ ಪುಟ ತಲೇಲಿದ್ರೆ ಇದ್ಯಾವ್ದೂ ಆಗಲ್ಲ.

ಅದಕ್ಕೇ ಈ ವಾರ ಫೋಟೊ ತೆಗೀಲೇಬೇಡ. ಒಂದಿಷ್ಟು ಎ4 ಹಾಳೆ ಮಡಚಿ ಪುಟ್ಟ ಪುಸ್ತಕ ಮಾಡು, ಪೆನ್ಸಿಲಲ್ಲಿ ಪುಟ ನಂಬರ್ ಹಾಕು, ಯಾವ ಪುಟದಲ್ಲಿ ಎಂತ ಬರತ್ತೆ ಅಂತ ಚೌಕ ಚೌಕ ಬರಿ. ಮಧ್ಯ ಪಿನ್ ಹೊಡೆಯೋ ಪುಸ್ತಕ ಆದ್ರೆ ಪುಟ 4ರ ಲೆಕ್ಕದಲ್ಲೇ ಇರ್ಬೇಕು, 40, 44, 48 ಹೀಗೆ. 46 ಪುಟ ಮಾಡ್ಕೊಂಡು ಪ್ರೆಸ್ಸಿಗೆ ಹೋಗಿ ನಿಂತ್ರೆ ಎರಡು ಪುಟ ಖಾಲಿ ಬಿಡ್ಬೇಕಾಗತ್ತೆ, ಇಲ್ಲಾ ಪಾಪ ಯಾರದ್ದೋ ಕವಿತೆ ಕಿತ್ತು ಹಾಕ್ಬೇಕಾಗತ್ತೆ. ಹಾಗೇ ಪುಟದ ಅಂಚಿನವರೆಗೆ ಹೋಗೋ ಫೋಟೊನ ಅಂಚಿಂದ 3 ಮಿಲಿಮೀಟರ್ ಆಚೆಗೂ ಬಿಡ್ಬೇಕು, ಕಟಿಂಗ್ ಮೆಷಿನ್ ಒಂದ್ ಕೂದಲು ಆಕಡೆ ಈಕಡೆ ಆದ್ರೂ ಬಿಳಿ ಗೆರೆ ಕಾಣಬಾರದಲ್ಲ. ಈ ಮಡಚಿದ ಹಾಳೆ ಕೈಲಿದ್ರೆ ನಿಂಗೇ ಗೊತ್ತಾಗತ್ತೆ, ಎಷ್ಟು ಉದ್ದದ ಫೋಟೊ ಬೇಕು, ಎಷ್ಟು ಅಡ್ಡದ್ದು, ಯಾವ್ದು ದೊಡ್ಡದು. ಒಂದು ಜೋಡಿ ಪುಟಕ್ಕೆ ಒಂದೇ ದೊಡ್ಡ ಫೋಟೊ ಸಾಕು, ಉಳಿದದ್ದು ಅದರ ಮಕ್ಕಳ ಥರ ಸಣ್ಣಕ್ಕಿರ್ಲಿ. ಎಂಟು ಫೋಟೊ ಒಂದೇ ಅಳತೇಲಿ ಸಾಲಾಗಿ ನಿಲ್ಲಿಸಿದ್ರೆ ಯಾವ್ದನ್ನೂ ಯಾರೂ ನೋಡಲ್ಲ.

ಆಮೇಲೆ ಅಭ್ಯಾಸಕ್ಕೆ ಒಂದು ಕೆಲಸ. ಸಂಚಿಕೆ ಮುಟ್ಟೋ ಮೊದ್ಲು ನಿಮ್ಮ ಮನೇದೇ ಎಂಟು ಪುಟದ ಒಂದು ಪುಸ್ತಕ ಮಾಡು, ವಿಷಯ ಅಡಿಕೆ ಸುಗ್ಗಿ. ಜೋಗಕ್ಕೆ, ಆಗುಂಬೆ ಸೂರ್ಯಾಸ್ತಕ್ಕೆ ಈಗ್ಲೇ ಓಡ್ಬೇಡ, ಅದನ್ನ ಸಾವಿರ ಜನ ತೆಗ್ದಿದಾರೆ, ನಿಮ್ಮನೆ ಅಂಗಳ ಯಾರೂ ತೆಗ್ದಿಲ್ಲ. ಅಡಿಕೆ ಗೊನೆ ಇಳಿಸೋ ಕೊನೆಗಾರ ಮರದ ಮೇಲಿರುವಾಗ ಕೆಳಗಿಂದ ಮೇಲಕ್ಕೆ ತೆಗಿ, ಅದು ಉದ್ದದ ಫೋಟೊ, ಮುಖಪುಟಕ್ಕಾಗತ್ತೆ, ಮೇಲೆ ಹೆಸರಿಗೆ ಆಕಾಶ ಬಿಡು. ಆದ್ರೆ ಆಕಾಶ ಬೆಳ್ಳಗಿರತ್ತೆ, ಫೋನು ಅದನ್ನ ನೋಡಿ ಮನುಷ್ಯನ್ನ ಕಪ್ಪು ಮಾಡತ್ತೆ, ಅದಕ್ಕೇ ಪರದೆ ಮೇಲೆ ಕೊನೆಗಾರನ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಮೇಲೆ ಎಳಿ. ರಾತ್ರಿ ಮೆಟ್ಟುಗತ್ತಿ ಇಟ್ಕೊಂಡು ಅಡಿಕೆ ಸುಲಿಯೋರು ಸಾಲಾಗಿ ಕೂತಿರ್ತಾರಲ್ಲ, ಅಲ್ಲಿ ಒಂದೇ ಬಲ್ಬು, ಫ್ಲ್ಯಾಶ್ ಹಾಕ್ಬೇಡ, ಹಾಕಿದ್ರೆ ಆ ಹಳದಿ ಬೆಳಕು ಸತ್ತೋಗತ್ತೆ. ಎಲ್ಲಾ ಕೈಯಾರೆ ಹೊಂದಿಸೋ ಪ್ರೊ ಮೋಡ್ ಇದ್ರೆ ಐಎಸ್‌ಒ, ಅಂದ್ರೆ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ, 1600, ಶಟರ್ 1/60 ಸೆಕೆಂಡ್ ಇಟ್ಟು ನೋಡು, ಫೋನನ್ನ ಕಂಬಕ್ಕೆ ಆನಿಸಿ ಹಿಡಿ, ಕೈ ಎಷ್ಟು ಬೇಗ ಓಡತ್ತೆ ಅನ್ನೋದು ಸ್ವಲ್ಪ ಮಸುಕಾಗಿ ಬಂದ್ರೆ ಅದೂ ಚೆಂದವೇ. ಬೇಯಿಸೋ ಹಂಡೆ ಹಬೆ ಬೇಕಂದ್ರೆ ಬೆಳಕು ಹಬೆ ಹಿಂದೆ ಇರೋ ಕಡೆ ಹೋಗಿ ನಿಲ್ಲು, ಬೆಳಿಗ್ಗೆ ಎಂಟು ಗಂಟೆ ಬಿಸಿಲಲ್ಲಿ ಹಬೆ ಬೆಳ್ಳಿ ಥರ ಏಳತ್ತೆ, ಅದೇ ನೀನು ಬೆಳಕಿಗೆ ಬೆನ್ನು ಹಾಕಿ ನಿಂತ್ರೆ ಎಂತದೂ ಕಾಣಲ್ಲ. ಆಮೇಲೆ ಅಟ್ಟದ ಮೇಲೆ ಒಣಗೋ ಕೆಂಪಡಿಕೆ, ಕೈಯಲ್ಲಿ ಚೊಗರು, ಅಂದ್ರೆ ಅಡಿಕೆಯ ಒಗರು ರಸ, ಹತ್ತಿದ ಕಪ್ಪು, ಕೊನೇಲಿ ಮೂಟೆ, ಮಂಡಿ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ತರಗಳನ್ನ ಬೇರೆ ಬೇರೆ ಇಟ್ಟು ಮೇಲಿಂದ ಒಂದು ತೆಗಿ, ಅಡಿಕೆ ಬೆಳೆಯದ ಊರಿನ ಓದುಗರಿಗೆ ಅದೊಂದೇ ಫೋಟೊ ಎಷ್ಟೋ ಹೇಳತ್ತೆ.

ಕೇಳಿ ತೆಗಿ. ಸುಲಿಯೋಕೆ ಬಂದೋರು ನಿಮ್ಮನೆ ಕೆಲಸಕ್ಕೆ ಬಂದಿದಾರೆ ಅಂತ ಕೇಳದೇ ಮುಖದ ಹತ್ರ ಫೋನು ಹಿಡೀಬೇಡ. ಹೆಸರು ಅವತ್ತೇ ಬರ್ಕೊ, ಎಡದಿಂದ ಬಲಕ್ಕೆ ಯಾರ್ಯಾರು ಅಂತ.

ಇದನ್ನ ಒತ್ತಿ ಹೇಳೋದಕ್ಕೆ ಕಾರಣ ಇದೆ. ಶುರುವಲ್ಲಿ ನಾನೊಂದು ಶಾಲೆ ಸ್ಮರಣ ಸಂಚಿಕೆ ಮಾಡಿದ್ದೆ. ಗ್ರೂಪ್ ಫೋಟೊ ಚೌಕದೊಳಗೆ ಕೂರ್ಲಿಲ್ಲ, ಬಲಗಡೆ ಒಂದಿಷ್ಟು ಕಟ್ ಮಾಡ್ದೆ, ಅಂಚಲ್ಲಿ ನಿಂತಿದ್ದೋರು ಹೋದ್ರು. ಅವ್ರು ಆ ಶಾಲೇಲಿ ಅಡುಗೆ ಮಾಡ್ತಿದ್ದ ಅಮ್ಮ. ಬಿಡುಗಡೆ ದಿನ ಪುಸ್ತಕ ಕೈಗೆ ತಗೊಂಡು ಆ ಪುಟ ತೆಗೆದು, ಹತ್ರ ಹಿಡಿದು, ದೂರ ಹಿಡಿದು, ಆಮೇಲೆ ಪಕ್ಕದೋರಿಗೆ ತೋರಿಸಿ ನಾನೆಲ್ಲಿ ಅಂತ ಕೇಳಿದ್ರು. ಅವರ ಸೀರೆ ಸೆರಗು ಮಾತ್ರ ಉಳಿದಿತ್ತು. ನಾನು ಅಲ್ಲೇ ನಿಂತಿದ್ದೆ. ಅವತ್ತಿಂದ ಗ್ರೂಪ್ ಫೋಟೊಗೆ ಕತ್ತರಿ ಹಾಕೋ ಮೊದ್ಲು ಎರಡೂ ತುದಿ ಮುಖ ನೋಡ್ತೀನಿ, ಜಾಗ ಸಾಲದಿದ್ರೆ ಬರಹ ಕಮ್ಮಿ ಮಾಡಿಸ್ತೀನಿ. ನೀನು ತೆಗೆಯುವಾಗ್ಲೇ ಎರಡೂ ಕಡೆ ಒಂದು ಮಾರು ಜಾಗ ಬಿಟ್ಟು ತೆಗಿ. ಮತ್ತೆ ಜಾಗಕ್ಕೆ ಕೂರಿಸ್ಬೇಕು ಅಂತ ಫೋಟೊನ ಒಂದು ಕಡೆಯಿಂದ ಎಳೀಬೇಡ, ಮುಖ ಚಪ್ಪಟೆ ಆಗತ್ತೆ. ಯಾವಾಗ್ಲೂ ಮೂಲೆ ಹಿಡಿದು ಶಿಫ್ಟ್ ಒತ್ತಿಯೋ, ಒತ್ತದೇನೋ, ಆ ಸಾಫ್ಟ್‌ವೇರಿಗೆ ಹೇಗೋ ಹಾಗೆ, ಅಗಲ ಎತ್ತರ ಎರಡೂ ಒಟ್ಟಿಗೇ ಬದಲಾಗೋ ಹಾಗೆ ಮಾಡು.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳಲ್ಲ, ಯಾಕಂದ್ರೆ ಜಾಸ್ತಿ ಮಾಡೋದೇ ಅದರ ರೋಗ. ಫೋನಲ್ಲಿ ಸ್ನ್ಯಾಪ್‌ಸೀಡ್, ಲ್ಯಾಬಲ್ಲಿ ಗಿಂಪ್, ಎರಡೂ ಪುಕ್ಕಟೆ. ಮೂಲ ಫೋಟೊ ಒಂದು ಫೋಲ್ಡರಲ್ಲಿ ಭದ್ರವಾಗಿಟ್ಟು ಕಾಪಿ ಮೇಲೆ ಮಾತ್ರ ಕೈಯಾಡಿಸು, ಜೆಪೆಗ್ ಫೈಲನ್ನ ತೆಗೆದು ಸೇವ್, ತೆಗೆದು ಸೇವ್ ಮಾಡ್ತಾ ಹೋದ್ರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಹಾಳಾಗತ್ತೆ. ನಮ್ಮ ಮಲೆನಾಡಿನ ಹಸಿರು ಮಾತ್ರ ಬಹಳ ಮೋಸ. ಪರದೆ ಬೆಳಕಿಂದ ಬಣ್ಣ ತೋರಿಸತ್ತೆ, ಪ್ರೆಸ್ಸಿನೋರು ನಾಲ್ಕು ಶಾಯಿ ಕಲಸಿ ತೋರಿಸ್ಬೇಕು, ಆ ಮಳೆಗಾಲದ ಹೊಳೆಯೋ ಹಸಿರು ಶಾಯಿಗೆ ಸಿಗಲ್ಲ, ನೀನು ಇನ್ನಷ್ಟು ಏರಿಸಿ ಕಳಿಸಿದ್ರೆ ಎಲೆ ಎಲೆ ಬೇರೆ ಕಾಣದೇ ಒಂದೇ ಮುದ್ದೆ ಆಗತ್ತೆ. ಹಸಿರು ಇಳಿಸು, ನೆರಳಿರೋ ಜಾಗ ಸ್ವಲ್ಪ ತೆಳು ಮಾಡು, ಯಾಕಂದ್ರೆ ಕಾಗದ ಶಾಯಿ ಹೀರ್ಕೊಂಡು ಎಲ್ಲಾ ಇನ್ನೂ ಒಂದು ಸುತ್ತು ಕಪ್ಪಾಗತ್ತೆ. ಪರದೆ ಬೆಳಕು ಅರ್ಧಕ್ಕಿಳಿಸಿ ನೋಡಿದ್ರೆ ಒಂದು ಅಂದಾಜು ಸಿಗತ್ತೆ. ಮುಖ ಬೆಳ್ಳಗೆ ಮಾಡೋ ಬ್ಯೂಟಿ ಫಿಲ್ಟರ್ ದಯವಿಟ್ಟು ಮುಟ್ಬೇಡ, ಗದ್ದೇಲಿ ಕೆಲಸ ಮಾಡಿ ಬಂದ ಹುಡುಗೀರ ಮುಖಾನೆಲ್ಲಾ ಮೈದಾ ಹಿಟ್ಟು ಮಾಡಿ ಅಚ್ಚು ಹಾಕೋದು ನನಗೆ ಅವಮಾನ ಅನ್ಸತ್ತೆ.

ಈಗ ಕನ್ನಡದ ವಿಷ್ಯ, ಇದಕ್ಕೆ ನಿನ್ನ ಥರದೋರು ಎಷ್ಟು ರಾತ್ರಿ ನಿದ್ದೆಗೆಡ್ತಾರೆ ಅಂತ ನಂಗೊತ್ತು. ಎರಡು ಬೇರೆ ಬೇರೆ ತೊಂದರೆ ಇದು. ಇಂಗ್ಲಿಷ್ ಅಕ್ಷರ ಬರತ್ತೆ ಅಂದ್ಯಲ್ಲ, ಆ ಲೇಖನ ಹಳೇ ‘ನುಡಿ’ ಅಥವಾ ‘ಬರಹ’ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಫಾಂಟಲ್ಲಿ ಟೈಪ್ ಮಾಡಿದ್ದು. ಅವು ಇಂಗ್ಲಿಷ್ ಅಕ್ಷರದ ಮನೇಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು, ಫಾಂಟ್ ಬದಲಾಯ್ತು ಅಂದ್ರೆ ಮನೆ ಒಡೆಯ ಹೊರಗೆ ಬರ್ತಾನೆ. ಕನ್ವರ್ಟರಲ್ಲಿ ಯುನಿಕೋಡಿಗೆ, ಅಂದ್ರೆ ಫಾಂಟ್ ಬದಲಾದ್ರೂ ಕನ್ನಡ ಕನ್ನಡವಾಗೇ ಉಳಿಯೋ ಪದ್ಧತಿಗೆ, ತಿರುಗಿಸ್ಕೊ, ತಿರುಗಿಸಿದ್ಮೇಲೆ ಅರ್ಕಾವತ್ತು ಇರೋ ಪದ ಒಂದ್ಸಲ ಓದು. ಇನ್ನು ಒತ್ತಕ್ಷರ ಚೆಲ್ಲಾಪಿಲ್ಲಿ ಆಗೋದು ಸಾಫ್ಟ್‌ವೇರ್ ಸೆಟ್ಟಿಂಗ್. ಇನ್‌ಡಿಸೈನ್ ಆದ್ರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಲ್ಲಿ ಅಡೋಬಿ ವರ್ಲ್ಡ್-ರೆಡಿ ಕಂಪೋಸರ್ ಅಂತಿರತ್ತೆ, ಅದನ್ನ ಆರಿಸು, ಒತ್ತಕ್ಷರ ತಂತಮ್ಮ ಜಾಗಕ್ಕೆ ಬಂದು ಕೂರತ್ತೆ. ಇನ್‌ಡಿಸೈನಿಗೆ ತಿಂಗಳ ಬಾಡಿಗೆ ಕಟ್ಬೇಕು, ಅದು ನಿಂಗೆ ಬೇಡ, ಸ್ಕ್ರೈಬಸ್ ಪುಕ್ಕಟೆ ಸಿಗತ್ತೆ, ಹಳೇ 1.4 ಹಾಕ್ಬೇಡ, 2024ರಲ್ಲಿ ಬಂದ 1.6 ಅಥವಾ ಅದರ ನಂತರದ್ದು ಹಾಕ್ಕೊ, ಅದಕ್ಕೆ ಕನ್ನಡ ಬರತ್ತೆ. ಪಠ್ಯಕ್ಕೆ ನೋಟೊ ಫಾಂಟುಗಳು ಚೆನ್ನಾಗಿವೆ. ಅಂದ ಹಾಗೆ ಹಳೇ ವಿಂಡೋಸ್ ಜೊತೆ ಬರ್ತಿದ್ದ ಕನ್ನಡ ಫಾಂಟಿಗೆ ನಮ್ಮ ಹೊಳೆ ಹೆಸರೇ ಇದೆ, ತುಂಗಾ ಅಂತ, ನಿಮ್ಮೂರ ಹೊಳೆ ಅದು.

ಸಾಲು ಸಾಲಿನ ಮಧ್ಯೆ ಜಾಗ ಧಾರಾಳ ಬಿಡು. ಇಂಗ್ಲಿಷಿಗೆ ಇಟ್ಟ ಲೆಕ್ಕ ಕನ್ನಡಕ್ಕೆ ಸಾಲಲ್ಲ, ನಮ್ಮ ಒತ್ತು ಕೆಳಗೆ ಇಳಿಯತ್ತೆ, ಗುಣಿತ ಮೇಲೆ ಏರತ್ತೆ, ಎರಡು ಸಾಲು ಒಂದಕ್ಕೊಂದು ತಾಗತ್ತೆ. ಅಕ್ಷರ 12 ಪಾಯಿಂಟ್ ಇದ್ರೆ ಸಾಲಿಗೆ 17, 18 ಕೊಡು. ಕಿರಿದಾದ ಕಾಲಂ ಮಾಡ್ಬೇಡ, ನಮ್ಮ ಪದಗಳು ಉದ್ದ, ಎರಡೂ ಬದಿ ಸಮ ಮಾಡಿದ್ರೆ ಮಧ್ಯೆ ಮಧ್ಯೆ ಹಲ್ಲು ಬಿದ್ದ ಹಾಗೆ ಕಾಣತ್ತೆ. ಎ4ಗೆ ಎರಡು ಕಾಲಂ ಸಾಕು.

ಪುಟ ಮುಗಿದ್ಮೇಲೆ ಪಿಡಿಎಫ್ ಮಾಡಿ ಒಂದ್ಸಲ ಜೆರಾಕ್ಸ್ ಅಂಗಡೀಲಿ ಕಪ್ಪು ಬಿಳುಪಲ್ಲಿ ಪ್ರಿಂಟ್ ತೆಗೆಸಿ ಪ್ರೂಫ್ ನೋಡು, ಪರದೆ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣತ್ತೆ. ಪ್ರೆಸ್ಸಿಗೆ ಮೊದಲ ಸಲ ಕೊಡೋಕೆ ಹೋದಾಗ ಫೈಲ್ ಕೊಟ್ಟು ಬಂದ್ಬಿಡ್ಬೇಡ, ಪ್ಲೇಟ್ ಕಟ್ಟೋದು, ಫಾರಂ, ಅಂದ್ರೆ ಹಲವು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆ, ಮಡಚೋದು ನಿಂತು ನೋಡು, ಕೇಳಿದ್ರೆ ಅಲ್ಲಿಯೋರು ಖುಷಿಯಿಂದ ಹೇಳ್ತಾರೆ. ಕ್ಯಾಮೆರಾ ಮಾತು ಅಡಿಕೆ ಪುಸ್ತಕ ಆದ್ಮೇಲೆ. ಆಗ ನಿಂಗೆ ಫೋನಲ್ಲಿ ಎಂತ ಆಗಲಿಲ್ಲ ಅನ್ನೋದು ಗೊತ್ತಿರತ್ತೆ, ಮಂಡಗದ್ದೆ ಪಕ್ಷಿಧಾಮದ ಹಕ್ಕಿ ಬೇಕು ಅನ್ಸಿದ್ರೆ ಉದ್ದ ಲೆನ್ಸ್, ರಾತ್ರಿ ಯಕ್ಷಗಾನ ಬೇಕು ಅನ್ಸಿದ್ರೆ ಕಮ್ಮಿ ಬೆಳಕಲ್ಲೂ ಕೆಲಸ ಮಾಡೋ 50 ಎಂಎಂ ಎಫ್ 1.8 ಲೆನ್ಸ್. ಎರಡಕ್ಕೂ ಬೇರೆ ಬೇರೆ ದುಡ್ಡು. ಪುಸ್ತಕದ ಒಂದು ಪ್ರತಿ ನಮಗೂ ಕಳಿಸು, ನಾನು ಪೆನ್ನು ಹಿಡ್ಕೊಂಡು ಓದಿ ವಾಪಸ್ ಕಳಿಸ್ತೀನಿ.

ಪ್ರಶ್ನೆ: ಸಾಗರ ತಾಲ್ಲೂಕಿನ ಶಾಲಾ ಶಿಕ್ಷಕ ನಾನು. ಶಾಲೆ ಕಾರ್ಯಕ್ರಮಕ್ಕೆ ಅಂತ ತಗೊಂಡಿದ್ದ ಕ್ಯಾಮೆರಾನ ಮಳೆಗಾಲ ಮುಗಿದ್ಮೇಲೆ ಬ್ಯಾಗಿಂದ ತೆಗೆದೆ, ಲೆನ್ಸ್ ಒಳಗೆ ಜೇಡರ ಬಲೆ ಥರ ಎಂತದೋ ಬೆಳೆದಿದೆ. ಒರೆಸಿದ್ರೆ ಹೋಗ್ತಿಲ್ಲ.

ಉತ್ತರ: ಅದು ಬೂಸ್ಟು ಮೇಷ್ಟ್ರೇ, ಒಳಗಿನ ಗಾಜಿನ ಮೇಲೆ ಬೆಳೆದಿದೆ, ಹೊರಗಿಂದ ಎಷ್ಟು ಒರೆಸಿದ್ರೂ ಹೋಗಲ್ಲ. ನೀವೇ ಬಿಚ್ಚೋಕೆ ಹೋಗ್ಬೇಡಿ, ರಿಪೇರಿಯೋರಿಗೆ ಕೊಡಿ, ಬೇಗ ಕೊಟ್ರೆ ಪೂರ್ತಿ ಹೋಗಬಹುದು, ತಡ ಆದ್ರೆ ಗಾಜಿನ ಲೇಪನಾನೇ ತಿಂದು ಕಲೆ ಉಳಿಸತ್ತೆ. ಬ್ಯಾಗಲ್ಲಿಟ್ಟಿದ್ದೇ ತಪ್ಪಾಗಿರೋದು, ನಮ್ಮ ಮಳೇಲಿ ಆ ಬಟ್ಟೆ ತೇವ ಹಿಡಿದು ತಿಂಗಳುಗಟ್ಟಲೆ ಬಿಡಲ್ಲ. ರಬ್ಬರ್ ಅಂಚಿರೋ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ಒಳಗೆ ಬಣ್ಣ ಬದಲಾಗೋ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದ್ರೆ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಹಾಕ್ಬಹುದು. ತೇವ ನೋಡೋ ಚಿಕ್ಕ ಮೀಟರ್ ಸಿಗತ್ತೆ, ಅದು ಶೇಕಡಾ 40ರಿಂದ 50ರ ಒಳಗಿದ್ರೆ ಸಾಕು, ತೀರಾ ಒಣಗಿಸೋದೂ ಒಳ್ಳೇದಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡ್ತಾರೆ ಕೆಲವ್ರು, ಬೇಡ, ಅದರ ಧೂಳು ಸಂದೀಲಿ ಸೇರತ್ತೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆ. ವಾರಕ್ಕೊಂದ್ಸಲ ಹೊರಗೆ ತೆಗೆದು ಬೆಳಕಲ್ಲಿ ಹತ್ತು ಫೋಟೊ ತೆಗೀರಿ, ಮಕ್ಕಳ ಕೈಗೂ ಕೊಡಿ. ಬೂಸ್ಟು ಹಿಡಿದ ಲೆನ್ಸನ್ನ ಮಾತ್ರ ರಿಪೇರಿ ಆಗೋವರೆಗೆ ಬೇರೆ ಲೆನ್ಸ್ ಜೊತೆ ಒಂದೇ ಡಬ್ಬದಲ್ಲಿ ಇಡ್ಬೇಡಿ.