ವಲಸೆ ಬಂದ ಮಗುವನ್ನು ಎಬ್ಬಿಸಿ ನಿಲ್ಲಿಸಿ ಪಾಠ ಮಾಡಬೇಡಿ

ಪೂರ್ವಾಗ್ರಹ, ವಲಸೆಯ ಪಾಠಕ್ಕೆ ಕ್ಲಾಸಿನಲ್ಲಿರುವ ವಲಸಿಗರ ಮಕ್ಕಳಿಂದಲೇ ಅವರ ಕಥೆ ಹೇಳಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಅದನ್ನೇ ಮಾಡಿದ್ದೆ.

ಬೆಂಗಳೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗನೊಬ್ಬನಿದ್ದ. ಪಾಠವನ್ನು ಮಕ್ಕಳ ಬದುಕಿಗೆ ಜೋಡಿಸಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು. ‘ನಿಮ್ಮ ಮನೆಯವರು ಊರು ಬಿಟ್ಟು ಬಂದದ್ದು ಯಾಕೆ, ಹೇಳಪ್ಪ’ ಅಂತ ಅವನನ್ನು ಎಬ್ಬಿಸಿದೆ. ಶೆಡ್ಡಿನ ವಿಷಯ ಹೇಳಿದ, ಅಪ್ಪನ ಸಾಲದ ವಿಷಯ ಹೇಳಿದ. ಯಾರೂ ನಗಲಿಲ್ಲ. ಪಾಠ ಚೆನ್ನಾಗಿ ಆಯ್ತು ಅಂದುಕೊಂಡೆ. ಅಲ್ಲಿಯವರೆಗೆ ಅವನು ಕ್ಲಾಸಿಗೆಲ್ಲ ಒಳ್ಳೆಯ ಕಬಡ್ಡಿ ಆಟಗಾರ. ಅವತ್ತಿನಿಂದ ‘ಶೆಡ್ಡು’ ಅನ್ನುವುದೇ ಅವನ ಹೆಸರಾಯ್ತು. ಆ ಹೆಸರಿಗೆ ದಾರಿ ಮಾಡಿಕೊಟ್ಟವನು ನಾನೇ. ಮನೆ ವಿಷಯ ಹೇಳಲ್ಲ ಸಾರ್ ಅನ್ನುವ ಧೈರ್ಯ ಮೇಷ್ಟ್ರ ಮುಂದೆ ಯಾವ ಹುಡುಗನಿಗೆ ಇರುತ್ತದೆ? ನಾನು ಕೇಳಿದ್ದೇ ಅವನಿಗೆ ಅಪ್ಪಣೆ. ಆಮೇಲೆ ಅವನು ನನ್ನ ಪೀರಿಯಡ್‌ನಲ್ಲಿ ಬಾಯಿ ಬಿಡಲಿಲ್ಲ.

ಈಗ ನಾನು ಹಿಡಿಯುವುದು ಕೊಮಗಾಟಾ ಮಾರು ಹಡಗನ್ನು. 1914ರಲ್ಲಿ ಹಾಂಗ್‌ಕಾಂಗ್‌ನಿಂದ ಹೊರಟು 376 ಜನರೊಂದಿಗೆ ಕೆನಡಾದ ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಎರಡು ತಿಂಗಳು ಬಂದರಿನಲ್ಲೇ ಕಾಯಿಸಿ, ಕೆಲವರನ್ನು ಮಾತ್ರ ಇಳಿಸಿಕೊಂಡು ಉಳಿದವರನ್ನೆಲ್ಲ ವಾಪಸ್ ಕಳಿಸಿದರು.

ಹಡಗಿನಲ್ಲಿದ್ದವರ ಕಷ್ಟದಿಂದ ಶುರು ಮಾಡಬೇಡಿ. ಬೋರ್ಡ್ ಮೇಲೆ ಅವರನ್ನು ತಡೆಯಲು ಬಳಸಿದ ಕೆನಡಾದ 1908ರ ನಿಯಮ ಮಾತ್ರ ಬರೆಯಿರಿ: ಸ್ವಂತ ದೇಶದಿಂದ ದಾರಿಯಲ್ಲಿ ಎಲ್ಲೂ ಪ್ರಯಾಣ ಮುರಿಯದೆ, ನೇರ ಟಿಕೆಟ್‌ನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಇದರಲ್ಲಿ ತಪ್ಪೇನಿದೆ ಅಂತ ಕೇಳಿ. ಏನಿಲ್ಲ ಅಂತಾರೆ. ಆಮೇಲೆ ಭೂಪಟ ಬಿಡಿಸಿ, ಆಗ ಭಾರತದಿಂದ ಕೆನಡಾಕ್ಕೆ ನೇರ ಹಡಗೇ ಇರಲಿಲ್ಲ ಅಂತ ಹೇಳಿ. 1913ರಲ್ಲಿ ಅದೇ ಕೆನಡಾ 4 ಲಕ್ಷ ವಲಸಿಗರನ್ನು ಬರಮಾಡಿಕೊಂಡಿತ್ತು, ಬಹುಪಾಲು ಯುರೋಪು, ಅಮೆರಿಕದವರನ್ನು. ಅದನ್ನೂ ಹೇಳಿ. ನಿಯಮದಲ್ಲಿ ಭಾರತದ ಹೆಸರಿಲ್ಲ, ಮೈಬಣ್ಣದ ಮಾತಿಲ್ಲ. ಯಾರಿಗಾಗಿ ಬರೆದದ್ದು ಅಂತ ಮಕ್ಕಳೇ ಹುಡುಕಿಕೊಳ್ಳುತ್ತಾರೆ. ಒಂದು ಸಲ ಹುಡುಗಿಯೊಬ್ಬಳು ತಾನಾಗಿಯೇ, ‘ಟು ಲೆಟ್ ಬೋರ್ಡಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅಂತ ಇರುತ್ತಲ್ಲ ಸಾರ್, ಹಾಗೇನಾ?’ ಅಂದಳು. ನಾನು ಯಾರನ್ನೂ ಎಬ್ಬಿಸಿರಲಿಲ್ಲ.

ಇದಕ್ಕೆ ಎರಡು ಪೀರಿಯಡ್ ಬೇಕೇ ಬೇಕು. ವಾಪಸ್ ಬಂದವರ ಮೇಲೆ ಕೋಲ್ಕತ್ತಾ ಹತ್ತಿರದ ಬಜ್‌ಬಜ್‌ನಲ್ಲಿ ಬ್ರಿಟಿಷ್ ಸರ್ಕಾರದವರು ಗುಂಡು ಹಾರಿಸಿದ್ದು, ಸುಮಾರು 20 ಮಂದಿ ಸತ್ತದ್ದು, 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು, ಇವೆಲ್ಲ ಎರಡನೆಯದಕ್ಕೆ ಇರಲಿ. ನೂರು ವರ್ಷ ಆದಮೇಲೆ ಕ್ಷಮೆ ಕೇಳಿ ಏನು ಪ್ರಯೋಜನ ಅಂತ ಮಕ್ಕಳಲ್ಲೇ ಜಗಳ ಹತ್ತುತ್ತದೆ. ಹತ್ತಲಿ. ನೀವು ತೀರ್ಪು ಕೊಡಲು ಹೋಗಬೇಡಿ.