ಹೆಣ್ಣು ಕಣಕ್ಕಿಳಿದಾಗ ಮೊಬೈಲಿನಲ್ಲಿ ಹರಿಯುವ ಹೊಲಸು: ಓದುಗರ ಪ್ರಶ್ನೆಗಳಿಗೆ ಸೈಬರ್ ಕಾನೂನು ವಕೀಲರ ಉತ್ತರ

ಪ್ರಶ್ನೆ: ಸ್ವಸಹಾಯ ಸಂಘದ ಸದಸ್ಯೆಯರ ಒತ್ತಾಯಕ್ಕೆ ಮಣಿದು ನಮ್ಮ ಗ್ರಾಮ ಪಂಚಾಯತಿಯ ಮಹಿಳಾ ಮೀಸಲು ಸ್ಥಾನಕ್ಕೆ ನಾಮಪತ್ರ ಸಲ್ಲಿಸಿದ್ದೇನೆ. ಸಂಘದ ಪ್ರವಾಸದ ಫೋಟೊದಿಂದ ನನ್ನ ಮುಖ ಕತ್ತರಿಸಿ, ಅಸಹ್ಯ ಚಿತ್ರವೊಂದಕ್ಕೆ ಅಂಟಿಸಿ, ಜೊತೆಗೊಂದು ಕೊಳಕು ಧ್ವನಿ ಸಂದೇಶ ಸೇರಿಸಿ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದಾರೆ. ಆ ಗುಂಪಿನಲ್ಲಿ ನಾನಿಲ್ಲ. ಸಂಘದ ಗೆಳತಿಯೊಬ್ಬಳು ತನ್ನ ಫೋನಿನಲ್ಲಿ ತೋರಿಸಿದಳು. ಯಜಮಾನರು ‘ಮರ್ಯಾದೆಗಿಂತ ಮೆಂಬರ್‌ಗಿರಿ ದೊಡ್ಡದಲ್ಲ, ನಾಮಪತ್ರ ವಾಪಸ್ ತೆಗೆ’ ಎನ್ನುತ್ತಿದ್ದಾರೆ. ಠಾಣೆಗೆ ಹೋದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆಂಬ ಅಂಜಿಕೆ. ಏನು ಮಾಡಲಿ ಮೇಡಂ?
– ಒಬ್ಬ ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಾಮಪತ್ರದ ಮಾತನ್ನು ಸದ್ಯಕ್ಕೆ ಬದಿಗಿಡಿ. ಅದನ್ನು ಹಿಂಪಡೆಯಲು ನಿಗದಿಯಾದ ಕೊನೆಯ ದಿನದವರೆಗೂ ನಿಮಗೆ ಸಮಯವಿದೆ, ಆದರೆ ಸಾಕ್ಷ್ಯಕ್ಕೆ ಅಷ್ಟು ಆಯುಷ್ಯವಿಲ್ಲ. ವಾಟ್ಸ್ಆ್ಯಪ್‌ಗೆ ಸಂದೇಶ ಹಾಕಿದವನು ಸುಮಾರು ಎರಡು ದಿನಗಳವರೆಗೆ ಅದನ್ನು ಎಲ್ಲರ ಫೋನಿನಿಂದಲೂ ಅಳಿಸಬಲ್ಲ. ಸಂದೇಶಗಳು ತಾವಾಗಿಯೇ ಮಾಯವಾಗುವ ಏರ್ಪಾಡು ಆ ಗುಂಪಿನಲ್ಲಿದ್ದರೆ 24 ಗಂಟೆಯಲ್ಲೇ ಎಲ್ಲವೂ ಅಳಿಸಿಹೋಗಬಹುದು.

ಆದ್ದರಿಂದ ಇಂದೇ ಗೆಳತಿಯನ್ನು ಕೂರಿಸಿಕೊಂಡು, ಅವರ ಫೋನಿನ ಪರದೆಯನ್ನು ಇನ್ನೊಂದು ಫೋನಿನಿಂದ ವಿಡಿಯೊ ಮಾಡಿ. ವಾಟ್ಸ್ಆ್ಯಪ್ ತೆರೆಯುವಲ್ಲಿಂದ ಶುರುಮಾಡಿ, ಗುಂಪಿನ ಹೆಸರು, ಸದಸ್ಯರ ಪಟ್ಟಿ, ಸಂದೇಶದ ಮೇಲಿನ ದಿನಾಂಕ ಮತ್ತು ಸಮಯ ಕಾಣಬೇಕು. ಕಳುಹಿಸಿದವನ ಹೆಸರಿನ ಮೇಲೆ ಒತ್ತಿ ಅವನ ಮೊಬೈಲ್ ಸಂಖ್ಯೆ ಮೂಡುವುದೂ, ಧ್ವನಿ ಸಂದೇಶ ಮೊದಲಿನಿಂದ ಕೊನೆಯವರೆಗೆ ಕೇಳಿಸುವುದೂ ಅದರಲ್ಲಿರಬೇಕು. ಚಿತ್ರವೊಂದನ್ನೇ ಸ್ಕ್ರೀನ್‌ಶಾಟ್ ತೆಗೆದು ತಂದವರು ನನ್ನ ಕಚೇರಿಗೆ ಬಹಳ ಬರುತ್ತಾರೆ. ಅದು ಯಾರ ಸಂಖ್ಯೆಯಿಂದ, ಯಾವಾಗ, ಎಲ್ಲಿಗೆ ಬಂತೆಂಬುದಕ್ಕೆ ಅದರಲ್ಲಿ ಆಧಾರವೇ ಇರುವುದಿಲ್ಲ. ಸಂದೇಶದ ತಲೆಯ ಮೇಲೆ ಎರಡು ಬಾಣಗಳ ಗುರುತಿದ್ದರೆ ಅದು ಈಗಾಗಲೇ ಹಲವು ಕೈ ದಾಟಿ ಬಂದಿದೆ ಎಂದರ್ಥ, ಅಂದರೆ ಗುಂಪಿಗೆ ಹಾಕಿದವನೇ ಚಿತ್ರ ತಯಾರಿಸಿದವನಾಗಿರಬೇಕೆಂದಿಲ್ಲ. ಅದನ್ನೂ ದೂರಿನಲ್ಲಿ ಬರೆಯಿರಿ. ಗೆಳತಿ ಸಿಟ್ಟಿನಲ್ಲಿ ಗುಂಪಿನಿಂದ ಹೊರಬರುವುದಾಗಲಿ, ಅಸಹ್ಯವೆಂದು ಸಂದೇಶ ಅಳಿಸುವುದಾಗಲಿ ಬೇಡ.

ಇಲ್ಲೊಂದು ಸೂಕ್ಷ್ಮವಿದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯೊಂದಿಗೆ ಪ್ರಮಾಣಪತ್ರ ಬೇಕು, ಮತ್ತು ಅದಕ್ಕೆ ತಜ್ಞರೊಬ್ಬರ ಜೊತೆಗೆ ಸಹಿ ಹಾಕಬೇಕಾದವರು ಫೋನಿನ ಒಡತಿ, ಅಂದರೆ ನಿಮ್ಮ ಗೆಳತಿ. ತೋರಿಸುವವರು ಬೇಕಾದಷ್ಟು ಜನ, ಸಹಿ ಎಂದೊಡನೆ ಹಿಂದೆ ಸರಿಯುವವರೇ ಹೆಚ್ಚು. ಅವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಸಂಘದ ನಾಲ್ಕಾರು ಸದಸ್ಯೆಯರು ಜೊತೆಗೆ ನಿಂತರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ.

ದೂರು ಬರೆಯುವ ರೀತಿಯೂ ಮುಖ್ಯ. ‘ನನ್ನ ಮಾನಹಾನಿ ಮಾಡಿದ್ದಾರೆ’ ಎಂಬ ಸಾಲಿನಿಂದ ದೂರು ಆರಂಭವಾದರೆ, ಮಾನನಷ್ಟವು ಪೊಲೀಸರು ತಾವಾಗಿ ತನಿಖೆ ನಡೆಸಬಹುದಾದ ಅಪರಾಧವಲ್ಲವಾದ್ದರಿಂದ, ಠಾಣೆಯಲ್ಲಿ ಎನ್‌ಸಿಆರ್ (ತನಿಖೆಯಿಲ್ಲದೆ ಬರೀ ದಾಖಲಿಸಿಕೊಳ್ಳುವ ವರದಿ) ಬರೆದುಕೊಟ್ಟು ‘ಕೋರ್ಟಿಗೆ ಹೋಗಮ್ಮ’ ಎಂದು ಕಳಿಸಿಬಿಡುತ್ತಾರೆ. ಬದಲಿಗೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಹೆಸರಿನ ಗುಂಪಿನಲ್ಲಿ, ಇಂಥ ಮೊಬೈಲ್ ಸಂಖ್ಯೆಯಿಂದ, ನನ್ನ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಿ ಪ್ರಸಾರ ಮಾಡಲಾಗಿದೆ, ನಾನು ಇಂಥ ಸ್ಥಾನದ ಅಭ್ಯರ್ಥಿ, ನಾನು ಕಣದಿಂದ ಸರಿಯಬೇಕೆಂದು ಧ್ವನಿ ಸಂದೇಶದಲ್ಲಿ ಹೀಗೆ ಹೇಳಲಾಗಿದೆ. ಹೀಗೆ ಬರೆದಾಗ ಮಾಹಿತಿ ತಂತ್ರಜ್ಞಾನ (ಐ.ಟಿ.) ಕಾಯ್ದೆಯಲ್ಲಿ ಅಶ್ಲೀಲ ವಸ್ತುವಿನ ಪ್ರಸಾರಕ್ಕಿರುವ 67 ಮತ್ತು 67ಎ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತು ಮತ್ತು ಕೃತ್ಯಗಳಿಗಿರುವ 79, ಬೆದರಿಕೆಗಿರುವ 351ನೇ ಕಲಮುಗಳು ಅನ್ವಯಿಸುತ್ತವೆಯೇ ಎಂದು ಪೊಲೀಸರು ಪರಿಶೀಲಿಸಲೇಬೇಕಾಗುತ್ತದೆ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದು ಕೃತ್ಯ ಎಸಗಿದವರು ಆ ಸಮುದಾಯಗಳ ಹೊರಗಿನವರಾಗಿದ್ದರೆ ಅದನ್ನೂ ತಪ್ಪದೆ ನಮೂದಿಸಿ, ಏಕೆಂದರೆ ಸ್ಪರ್ಧಿಸದಂತೆ ಬೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರತ್ಯೇಕ ಅಪರಾಧ.

ಐ.ಟಿ. ಕಾಯ್ದೆಯ ಪ್ರಕರಣಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಊರ ಠಾಣೆಯವರು ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ ಎಂದರೆ ಅದು ಜಾರಿಕೊಳ್ಳುವ ಮಾತೇ ಆಗಿರಬೇಕೆಂದಿಲ್ಲ, ಎಷ್ಟೋ ಸಲ ಹಾಗೂ ಆಗಿರುತ್ತದೆ ಎಂಬುದು ಬೇರೆ ಮಾತು. ನಿಮ್ಮ ಅಂಜಿಕೆಯ ದೃಷ್ಟಿಯಿಂದ ನೋಡಿದರೆ ಪರಿಚಯದವರಿಲ್ಲದ ಜಿಲ್ಲಾ ಠಾಣೆಯೇ ವಾಸಿ. ದೂರು ಸ್ವೀಕರಿಸದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ದೂರಿನ ಒಂದು ಪ್ರತಿಯನ್ನು ಚುನಾವಣಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಚಿತ್ರ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಮ್‌ಗೆ ಹರಡುವ ಭಯವಿದ್ದರೆ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ತಾಣವಿದೆ. ಚಿತ್ರವನ್ನು ಯಾರಿಗೂ ಕಳಿಸದೆ, ನಿಮ್ಮ ಫೋನಿನಲ್ಲೇ ಅದರ ಅಂಕಿ-ಗುರುತನ್ನು ತಯಾರಿಸಿ, ಆ ಗುರುತಿನ ಚಿತ್ರವನ್ನು ತಡೆಯುವಂತೆ ಅದು ಕಂಪನಿಗಳಿಗೆ ತಿಳಿಸುತ್ತದೆ.

ಇನ್ನು ಯಜಮಾನರ ಮಾತು. ಇಂಥ ಚಿತ್ರ ನೋಡಿ ಮತ ಬದಲಿಸಿದ ಮತದಾರರು ಎಷ್ಟಿದ್ದಾರೋ, ನಾನು ಕಂಡವರು ಕಡಿಮೆ. ಚಿತ್ರ ನೋಡಿ ಸೊಸೆಯನ್ನು, ಹೆಂಡತಿಯನ್ನು, ಮಗಳನ್ನು ಒಳಗೆ ಕರೆದುಕೊಂಡ ಮನೆಗಳನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ. ಕಳುಹಿಸುವವನಿಗೂ ಇದು ಚೆನ್ನಾಗಿ ಗೊತ್ತು. ಮತದಾರರ ಮುಂದೆ ಚರಂಡಿ, ನೀರು, ಬೀದಿದೀಪಗಳ ಲೆಕ್ಕದಲ್ಲಿ ನಿಮ್ಮನ್ನು ಎದುರಿಸಲಾಗದವನು ನಿಮ್ಮ ಮನೆಯವರ ಕೈಯಿಂದಲೇ ನಿಮ್ಮನ್ನು ಕಣದಿಂದ ಎಳೆಸುತ್ತಾನೆ. ಯಜಮಾನರಿಗೆ ಇದನ್ನು ಓದಿ ಹೇಳಿ, ಠಾಣೆಗೆ ಹೋಗುವಾಗ ಅವರನ್ನೇ ಜೊತೆಗೆ ಕರೆದೊಯ್ಯಿರಿ. ಗಂಡ ಪಕ್ಕದಲ್ಲಿ ಕೂತು ದೂರು ಕೊಡಿಸಿದ ಸುದ್ದಿ ಊರಿಗೆ ತಲುಪಿದ ಮೇಲೆ ಗುಂಪಿನಲ್ಲಿ ನಗುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ಪ್ರಚಾರದಲ್ಲಿ ಯಾರಾದರೂ ಕೇಳಿದರೆ ‘ಅದು ನಕಲಿ, ದೂರು ಕೊಟ್ಟಿದ್ದೇನೆ’ ಎಂದಷ್ಟೇ ಹೇಳಿ. ಸುಳ್ಳೆಂದು ತೋರಿಸಲು ಆ ಚಿತ್ರವನ್ನು ನೀವಾಗಲಿ ನಿಮ್ಮವರಾಗಲಿ ಮತ್ತೆ ಹಂಚಬೇಡಿ.

ಪ್ರಶ್ನೆ: ನಾನೊಂದು ಪಕ್ಷದ ತಾಲ್ಲೂಕು ಸಾಮಾಜಿಕ ಜಾಲತಾಣ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಎದುರಾಳಿ ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ಟೀಕಿಸಬಾರದೆ? ಗಂಡಸರನ್ನೂ ಟ್ರೋಲ್ ಮಾಡುತ್ತಾರೆ. ರಾಜಕೀಯಕ್ಕೆ ಬಂದ ಮೇಲೆ ಎಲ್ಲವನ್ನೂ ತಡೆದುಕೊಳ್ಳಬೇಕಲ್ಲವೆ?
– ಒಬ್ಬ ಕಾರ್ಯಕರ್ತರು, ಮೈಸೂರು

ಉತ್ತರ: ಖಂಡಿತ ಟೀಕಿಸಿ, ಕಟುವಾಗಿಯೇ ಟೀಕಿಸಿ. ಅವರ ಅನುದಾನದ ಲೆಕ್ಕ, ಸದನದಲ್ಲಿ ಎತ್ತಿದ ಮತ್ತು ಎತ್ತದ ಪ್ರಶ್ನೆಗಳು, ಪಕ್ಷಾಂತರ, ಕೊಟ್ಟು ಮರೆತ ಭರವಸೆ, ಎಲ್ಲವೂ ನಿಮ್ಮ ಸರಕು. ಮಾದರಿ ನೀತಿ ಸಂಹಿತೆ ಹೇಳುವುದೂ ಇದನ್ನೇ: ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಸಾಧನೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆದು ತರಬಾರದು.

ಗಂಡಸರನ್ನೂ ಟ್ರೋಲ್ ಮಾಡುತ್ತಾರೆ ಎಂಬುದು ನಿಜ, ಆದರೆ ಟ್ರೋಲ್ ಮಾಡುವ ವಿಷಯ ಬೇರೆ. 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಸ್ಪರ್ಧಿಸಲು ಹೊರಟಾಗ, ಪತಿ ತೀರಿಕೊಂಡು ಎಷ್ಟು ದಿನವಾಯಿತು ಎಂಬುದನ್ನೇ ಅಂದಿನ ಸಚಿವ ಎಚ್.ಡಿ. ರೇವಣ್ಣ ಎತ್ತಿ ಆಡಿದರು. ಹೆಂಡತಿ ತೀರಿಕೊಂಡ ಗಂಡು ಅಭ್ಯರ್ಥಿಗೆ ಈ ಲೆಕ್ಕ ಯಾರೂ ಕೇಳುವುದಿಲ್ಲ. 2024ರಲ್ಲಿ ದಾವಣಗೆರೆಯ ಬಿಜೆಪಿ ಅಭ್ಯರ್ಥಿ ಗಾಯಿತ್ರಿ ಸಿದ್ದೇಶ್ವರ ಅವರು ಅಡುಗೆ ಮಾಡುವುದಕ್ಕಷ್ಟೇ ಸರಿ ಎಂಬರ್ಥದಲ್ಲಿ ಕಾಂಗ್ರೆಸ್‌ನ ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪ ಮಾತಾಡಿದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅಲ್ಲಿ ಗೆದ್ದವರು ಶಾಮನೂರು ಅವರ ಸೊಸೆ ಪ್ರಭಾ ಮಲ್ಲಿಕಾರ್ಜುನ್ ಎಂಬುದನ್ನು ನೆನೆದರೆ ಆ ಮಾತು ಇನ್ನೂ ವಿಚಿತ್ರವಾಗಿ ಕೇಳುತ್ತದೆ. ಯಾವ ಪಕ್ಷವೂ ಈ ವಿಷಯದಲ್ಲಿ ಮಡಿಯಲ್ಲಿಲ್ಲ.

ಇವು ವೇದಿಕೆಯ ಮಾತುಗಳು, ಹಿಡಿದು ಕೇಳಲು ಮುಖವಾದರೂ ಇತ್ತು. ಜಾಲತಾಣದ್ದು ಇನ್ನೂ ಕೆಟ್ಟದ್ದು. 2019ರ ಲೋಕಸಭಾ ಚುನಾವಣೆಯ ವೇಳೆ 95 ಮಹಿಳಾ ರಾಜಕಾರಣಿಗಳನ್ನು ಹೆಸರಿಸಿದ ಟ್ವೀಟ್‌ಗಳಲ್ಲಿ 1,14,716ನ್ನು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾ ಸ್ವಯಂಸೇವಕರಿಂದ ಓದಿಸಿತು. ಸರಾಸರಿ ಏಳರಲ್ಲಿ ಒಂದು ಟ್ವೀಟ್ ನಿಂದನೀಯ ಅಥವಾ ಆಕ್ಷೇಪಾರ್ಹವಾಗಿತ್ತು. ಮುಸ್ಲಿಂ ಮಹಿಳೆಯರಿಗೆ ಧರ್ಮದ ಹೆಸರಿನಲ್ಲಿ, ಹಿಂದುಳಿದ ಮತ್ತು ದಲಿತ ಜಾತಿಯ ಮಹಿಳೆಯರಿಗೆ ಜಾತಿಯ ಹೆಸರಿನಲ್ಲಿ ಬಂದ ಬೈಗುಳ ಉಳಿದವರಿಗಿಂತ ಬಹಳ ಹೆಚ್ಚಿತ್ತು. ಬ್ರಿಟನ್ನಿನಲ್ಲೂ 2017ರ ಚುನಾವಣೆಗೆ ಮುಂಚಿನ ಆರು ವಾರಗಳಲ್ಲಿ ಮಹಿಳಾ ಸಂಸದರ ಮೇಲೆ ಬಂದ ನಿಂದನೆಯ ಟ್ವೀಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪು ಸಂಸದೆ ಡಯಾನ್ ಅಬಟ್ ಒಬ್ಬರ ಪಾಲಿಗೇ ಬಂದಿದ್ದವು. ‘ಎಲ್ಲವನ್ನೂ ತಡೆದುಕೊಳ್ಳಬೇಕು’ ಎಂಬ ನಿಮ್ಮ ಮಾತಿನ ‘ಎಲ್ಲ’ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ.

ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಪ್ರಕರಣವೊಂದನ್ನು ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ, ಹಿಮಾಚಲ ಪ್ರದೇಶದ ಮಂಡಿ ಕ್ಷೇತ್ರದ ಬಿಜೆಪಿ ಅಭ್ಯರ್ಥಿ, ನಟಿ ಕಂಗನಾ ರನೌತ್ ಬಗ್ಗೆ ಕೀಳು ಅಭಿರುಚಿಯ ಪೋಸ್ಟ್ ಒಂದು ಕಾಂಗ್ರೆಸ್ ವಕ್ತಾರೆ ಸುಪ್ರಿಯಾ ಶ್ರೀನೇತ್ ಅವರ ಖಾತೆಯಲ್ಲಿ ಕಾಣಿಸಿತು. ಖಾತೆಯನ್ನು ಬಳಸುವ ಬೇರೆಯವರು ಹಾಕಿದ್ದು ಎಂದು ಅವರು ಹೇಳಿದರು. ಚುನಾವಣಾ ಆಯೋಗ ಆ ವಿವರಣೆಗೆ ಸಮಾಧಾನಗೊಳ್ಳದೆ ಏಪ್ರಿಲ್ 1ರಂದು ಛೀಮಾರಿ ಹಾಕಿತು. ಮಮತಾ ಬ್ಯಾನರ್ಜಿ ಅವರ ಬಗ್ಗೆ ಕೀಳಾಗಿ ಮಾತಾಡಿದ್ದ ಬಿಜೆಪಿಯ ದಿಲೀಪ್ ಘೋಷ್ ಅವರಿಗೂ ಅಂದೇ ಛೀಮಾರಿ ಬಿತ್ತು. ಅಂದರೆ ಪಾಸ್‌ವರ್ಡ್ ನಾಲ್ಕು ಜನರ ಬಳಿ ಇದೆ ಎಂಬ ನೆಪ ನಡೆಯುವುದಿಲ್ಲ. ನಿಮ್ಮ ಪುಟಕ್ಕೆ ಪೋಸ್ಟ್ ಹಾಕಬಲ್ಲವರು ಯಾರ‍್ಯಾರು ಎಂದು ಇಂದೇ ನೋಡಿ, ಬೇಡವಾದವರನ್ನು ತೆಗೆಯಿರಿ. ನಕಲಿ ವಿಡಿಯೊ, ಡೀಪ್‌ಫೇಕ್‌ಗಳನ್ನು ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು 2024ರ ಮೇ 6ರಂದು ಆಯೋಗ ಪಕ್ಷಗಳಿಗೆ ಸೂಚಿಸಿದೆ. ಗಡುವು ಬೆಳಗಿನ ಜಾವಕ್ಕೂ ಅದೇ.

ಛೀಮಾರಿಗಿಂತ ದೊಡ್ಡ ಅಪಾಯ ನಿಮ್ಮ ಅಭ್ಯರ್ಥಿಗೇ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಮಿನಂತೆ, ಎದುರಾಳಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಸುಳ್ಳೆಂದು ಗೊತ್ತಿದ್ದೂ ಪ್ರಕಟಿಸುವುದು ಭ್ರಷ್ಟ ಚುನಾವಣಾ ಆಚರಣೆ. ಪ್ರಕಟಿಸಿದವರು ಮೂರನೆಯವರಾದರೂ ಅಭ್ಯರ್ಥಿಯ ಅಥವಾ ಏಜೆಂಟರ ಒಪ್ಪಿಗೆ ಇತ್ತೆಂದು ಸಾಬೀತಾದರೆ ಆಯ್ಕೆಯೇ ಅಸಿಂಧುವಾಗಬಹುದು. ಸೋತ ಎದುರಾಳಿ ಫಲಿತಾಂಶದಿಂದ 45 ದಿನಗಳೊಳಗೆ ಹೈಕೋರ್ಟಿಗೆ ಹೋದಾಗ, ಅಂದು ರಾತ್ರಿ ಹನ್ನೊಂದಕ್ಕೆ ‘ಬಿಡಪ್ಪಾ, ಚೆನ್ನಾಗಿದೆ, ಹಾಕು’ ಎಂದು ಅಭ್ಯರ್ಥಿಯೇ ನಿಮಗೆ ಕಳಿಸಿದ ಒಂದು ಸಾಲಿನ ಸಂದೇಶ ಕಡತದ ಮೊದಲ ಪುಟಕ್ಕೆ ಬರುತ್ತದೆ. ಆಕ್ಷೇಪಾರ್ಹ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ ಐ.ಟಿ. ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅಂದು ಹೋದದ್ದು ಆ ಒಂದು ಅಸ್ಪಷ್ಟ ಕಲಮು ಮಾತ್ರ, ಮೇಲೆ ಹೇಳಿದ ಯಾವುದೂ ಅಲ್ಲ.

ಪ್ರಶ್ನೆ: ನಾನು ಊರಿನ ಗುಂಪೊಂದರ ಅಡ್ಮಿನ್. ಯಾರೋ ಮಹಿಳಾ ಅಭ್ಯರ್ಥಿಯನ್ನು ಬೈದು ಹಾಕಿದರೆ ನನ್ನ ಮೇಲೂ ಕೇಸ್ ಆಗುತ್ತದೆಯೆ?
– ಒಬ್ಬ ಶಿಕ್ಷಕರು, ತುಮಕೂರು

ಉತ್ತರ: ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಆಗಲಾರದು. ಮಹಿಳೆಯೊಬ್ಬರನ್ನು ಗುಂಪಿನಲ್ಲಿ ಬೈದ ಸದಸ್ಯನನ್ನು ಅಡ್ಮಿನ್ ತೆಗೆಯಲಿಲ್ಲ ಎಂಬ ಆರೋಪದ ಪ್ರಕರಣದಲ್ಲೇ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಅಡ್ಮಿನ್ ಮೇಲಿನ ಕೇಸನ್ನು ರದ್ದು ಮಾಡಿತು. ಕೇರಳ ಹೈಕೋರ್ಟ್ 2022ರಲ್ಲಿ ಇದೇ ನಿಲುವು ತಳೆಯಿತು. ಆದರೆ ನೀವೂ ನಕ್ಕು ಮುಂದಕ್ಕೆ ಕಳಿಸಿದರೆ ಅದು ಅಡ್ಮಿನ್ ಆಗಿ ಮಾಡಿದ್ದಲ್ಲ, ನೀವೇ ಮಾಡಿದ್ದು. ತೆಗೆಯುವ ಅಧಿಕಾರ ನಿಮ್ಮ ಬೆರಳಲ್ಲಿದೆ, ಬಳಸಿ. ಅಳಿಸುವ ಮುನ್ನ ಮಾತ್ರ ಆ ಮಹಿಳೆಗೆ ತಿಳಿಸಿ, ಸಾಕ್ಷ್ಯ ಉಳಿಸಿಕೊಳ್ಳಲು ಅವರಿಗೆ ಅವಕಾಶ ಕೊಡಿ.

ಪ್ರಶ್ನೆ: ನನ್ನ ತಂಗಿ ನಗರಸಭೆಗೆ ಸ್ಪರ್ಧಿಸಿದ್ದಳು. ಹೆಸರಿಲ್ಲದ ಟ್ರೋಲ್ ಪೇಜ್ ಒಂದರ ವಿರುದ್ಧ ಕೊಟ್ಟ ದೂರು ತಿಂಗಳುಗಳಿಂದ ಹಾಗೇ ಇದೆ. ‘ಕಂಪನಿಯಿಂದ ಉತ್ತರ ಬಂದಿಲ್ಲ’ ಎನ್ನುತ್ತಾರೆ ಪೊಲೀಸರು. ಪೇಜ್ ಕೂಡ ಈಗ ಮಾಯವಾಗಿದೆ.
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಪೇಜ್ ಮಾಯವಾದರೂ ಮಾಹಿತಿ ತಕ್ಷಣ ಅಳಿಯುವುದಿಲ್ಲ. 2021ರ ಐ.ಟಿ. ನಿಯಮಗಳಂತೆ, ಖಾತೆ ರದ್ದಾದ ಮೇಲೂ ಅದರ ನೋಂದಣಿ ವಿವರಗಳನ್ನು ಕಂಪನಿ 180 ದಿನ ಇಟ್ಟುಕೊಂಡಿರಬೇಕು. ಮನಸ್ಸು ಮಾಡಿದರೆ ಪತ್ತೆ ಸಾಧ್ಯ ಎಂಬುದನ್ನು 2025ರಲ್ಲಿ ಕಂಡಿದ್ದೇವೆ: ನಟಿ, ಮಂಡ್ಯದ ಮಾಜಿ ಸಂಸದೆ ರಮ್ಯಾ, ತಮಗೆ ಅಶ್ಲೀಲ ಸಂದೇಶ ಕಳಿಸಿದ 43 ಖಾತೆಗಳ ವಿವರಗಳೊಂದಿಗೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟ ಕೆಲವೇ ದಿನಗಳಲ್ಲಿ ಬಂಧನಗಳಾದವು. ಅದು ಚುನಾವಣೆಯ ವಿಷಯವಾಗಿರಲಿಲ್ಲ, ದೂರು ಕೊಟ್ಟವರು ಹೆಸರುವಾಸಿಗಳು ಎಂಬುದೂ ನಿಜ. ನಗರಸಭೆಯ ಅಭ್ಯರ್ಥಿಗೆ ಅದೇ ವೇಗ ಸಿಗದಿರುವುದು ನನಗೂ ಬೇಸರದ ಸಂಗತಿ. ಆದರೂ ಖಾತೆಯ ಪೂರ್ಣ ವಿಳಾಸ ದೂರಿನಲ್ಲಿದ್ದುದು ಅಲ್ಲಿ ಕೆಲಸಕ್ಕೆ ಬಂತು. ನಿಮ್ಮ ದೂರಿನಲ್ಲಿ ಪೇಜಿನ ಲಿಂಕ್ ಇದೆಯೇ, ಬರೀ ಹೆಸರಿದೆಯೇ ನೋಡಿ. ಹೆಸರು ಬದಲಾಗುತ್ತದೆ, ಒಂದೇ ಹೆಸರಿನ ಹತ್ತು ಪೇಜುಗಳೂ ಇರುತ್ತವೆ. ಬಳಿಕ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಕಂಪನಿಗೆ ಕೋರಿಕೆ ಯಾವ ದಿನಾಂಕದಂದು ಹೋಗಿದೆ ಎಂದು ಕೇಳಿ. ಹೋಗಿಯೇ ಇಲ್ಲವೆಂದಾದರೆ, 180 ದಿನಗಳ ಲೆಕ್ಕವನ್ನು ಅರ್ಜಿಯಲ್ಲಿ ನಮೂದಿಸಿ ಪ್ರತಿಯನ್ನು ಪೊಲೀಸ್ ವರಿಷ್ಠಾಧಿಕಾರಿಗೂ ಕಳಿಸಿ, ಎರಡಕ್ಕೂ ಸ್ವೀಕೃತಿ ಇಟ್ಟುಕೊಳ್ಳಿ.